ಎಂಜಿನ್ ನಿಲ್ಲಿಸದೆ

ಆಗಸ್ಟ್ ೧೪, ಗುರುವಾರ

ಪೈಲಟ್ ಕ್ಲೆಮ್ ನನ್ನ ಕಣ್ಣೆದುರೇ ಸತ್ತ. ಆಸ್ಟ್ರೇಲಿಯಾದ ಈ ಫಾರ್ಮಿನಲ್ಲಿ ದನ ಅಟ್ಟುವುದು ಹೆಲಿಕಾಪ್ಟರಿನಿಂದ; ಇಂಧನ ತುಂಬಿಸುವಾಗಲೂ ಯಾರೂ ಅದರ ಎಂಜಿನ್ ನಿಲ್ಲಿಸುವುದಿಲ್ಲ. ಮೇಲೇರಿಸುವ ಹಿಡಿಕೆ ತಾನಾಗಿ ಏಳದಂತೆ ರಬ್ಬರ್ ಪಟ್ಟಿ ಬಿಗಿದು, ಇಳಿದು, ಪೀಪಾಯಿಯಿಂದ ಇಂಧನ ತುಂಬಿಸುತ್ತಾರೆ. ಇವತ್ತು ಅವನು ಪಟ್ಟಿ ಬಿಗಿಯಲಿಲ್ಲ. ಇಲ್ಲಿನ ಮಕ್ಕಳಿಗೆ ಪಾಠ ಹೇಳುವ ನಾನು ಅವನಿಗೆ ಊಟ ಕೊಂಡೊಯ್ದಿದ್ದೆ; ಅದನ್ನು ನೋಡಿದೆ.

ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೂಗಿದ: "ಏನ್ ಟೀಚರಮ್ಮ, ನನ್ ಮೇಲೂ ಪದ್ಯ ಬರೀತೀಯಾ?"

ನಾನು ಪದ್ಯ ಬರೆಯುವುದು ಇಲ್ಲಿ ಎಲ್ಲರಿಗೂ ತಮಾಷೆ; ನಾಚಿ ತಲೆ ತಗ್ಗಿಸಿದೆ. ಹಿಡಿಕೆ ಅದುರಿ ಮೇಲೆ ಸರಿಯಿತು. ಯಂತ್ರ ಓರೆಯಾಗಿ ಎದ್ದು, ಹಿಡಿಯಲು ಓಡಿದವನ ಮೇಲೆಯೇ ಮಗುಚಿತು.

ಸಂಜೆ ಮ್ಯಾನೇಜರ್ ರಸೆಲ್ ಚಹಾ ತಂದುಕೊಟ್ಟ. "ಅಳ್ಬೇಡ ಕಣಮ್ಮ. ದನ ಅರ್ಧ ದಾರೀಲಿವೆ. ನಾಳೆ ಡಾರ್ವಿನ್‌ನಿಂದ ಬೇರೆ ಪೈಲಟ್ ಬರ್ತಾನೆ."

"ಅವನೂ ಹೀಗೇ ತುಂಬಿಸ್ತಾನಾ?"

"ಮತ್ತಿನ್ನೇನು?"

ನಾಳೆ ಆ ಹೊಸ ಪೈಲಟ್‌ಗೆ ಹೇಳಲೇಬೇಕು. ಈಗ ಕೋಣೆಯಲ್ಲಿ ಒಬ್ಬಳೇ "ಎಂಜಿನ್ ನಿಲ್ಲಿಸು" ಎಂದು ಹೇಳಿ ನೋಡಿದೆ. ದನಿ ಬಾಗಿಲ ತನಕವೂ ಹೋಗಲಿಲ್ಲ. ಹೆಲಿಕಾಪ್ಟರಿನ ಆ ಸದ್ದಿನಲ್ಲಿ ಅದು ಅವನಿಗೆ ಕೇಳಿಸುವುದಾದರೂ ಹೇಗೆ?