ಬೀಗ ಹಾಕಿದ ಆಲೆಮನೆ

ಪಾಂಡವಪುರ
೧೮-೨-೧೯೯೬

ನನ್ನ ಬೆನ್ನಿಗೆ ಬಿದ್ದ ತಮ್ಮ ತಿಮ್ಮೇಶನಿಗೆ ಅಕ್ಕನ ಆಶೀರ್ವಾದ.

ಆಶೀರ್ವಾದ ಎಂದು ಬರೆಯಲು ಮನಸ್ಸು ಒಪ್ಪಲಿಲ್ಲ. ಆದರೂ ಬರೆದಿದ್ದೇನೆ.

ಕೆ.ಆರ್. ಪೇಟೆಯ ನಿನ್ನ ಆಲೆಮನೆಯಿಂದ ಓಡಿಬಂದ ಹೆಂಗಸು ನನ್ನ ಬಳಿ ಇಲ್ಲ ಎಂದು ಫೋನಿನಲ್ಲಿ ಹೇಳಿದೆನಲ್ಲ, ಅದು ಸುಳ್ಳು. ಚಲುವಮ್ಮ ಆಗ ನಮ್ಮ ಅಡುಗೆಮನೆಯಲ್ಲೇ ಕೂತಿದ್ದಳು. ಲಾರಿಯಲ್ಲಿ ಬೆಲ್ಲದ ಮೂಟೆಗಳ ಸಂದಿಯಲ್ಲಿ ಅವಿತು, ನಾನು ಬೆಲ್ಲದ ವ್ಯಾಪಾರ ನಡೆಸುವ ಮಂಡಿಗೆ ಬಂದಿದ್ದಳು. ಕುದಿಯುವ ಪಾಕ ಬಿದ್ದು ಬಲಗೈ ಮೊಣಕೈವರೆಗೆ ಸುಲಿದಿತ್ತು. "ಗಂಡ, ಮಗ ಅಲ್ಲೇ ಅವ್ರೆ ಕಣವ್ವ. ಮಗೀಗೆ ಜ್ವರ. ಬಾಗ್ಲು ತಗೀರಪ್ಪೋ ಅಂತ ಬಡ್ಕೊಂಡ್ರೂ ನಿಮ್ ತಮ್ಮಯ್ಯ ತಗೀಲಿಲ್ಲ" ಎಂದು ಅತ್ತಳು.

ನಾನು ನಂಬಿರಲಿಲ್ಲ. ಆಳುಗಳು ಓಡಿಹೋಗುವುದೇಕೆ ಎಂದು ಅದೇ ಫೋನಿನಲ್ಲಿ ಕೇಳಿದೆ. "ಮುಂಗಡ ಇಸ್ಕೊಂಡವ್ರಲ್ವಾ ಅಕ್ಕ, ಬೀಗ ಆಕ್ದಿದ್ರೆ ನಿಲ್ತಾರಾ?" ಎಂದೆ ನೀನು. ಎಷ್ಟು ಸಲೀಸಾಗಿ ಅಂದುಬಿಟ್ಟೆ! ನಮ್ಮಪ್ಪ ದನದ ಕೊಟ್ಟಿಗೆಗೂ ಬೀಗ ಹಾಕಿದವರಲ್ಲ.

ಅಂದೇ ನಿನ್ನ ಬೆಲ್ಲ ಇಳಿಸಿಕೊಳ್ಳುವುದನ್ನು ನಿಲ್ಲಿಸಿದೆ. ನೀನು ಪಕ್ಕದ ಶಿವಲಿಂಗಯ್ಯನವರ ಮಂಡಿಗೆ ಕಳಿಸಿದೆ. ಕೊಳ್ಳಬೇಡಿ ಎಂದು ಅವರಿಗೆ ಕೈ ಮುಗಿದೆ. "ಬೆಲ್ಲದ್ ಮ್ಯಾಲೆ ಬೀಗದ್ ಗುರ್ತು ಇರ್ತದಾ, ಬುಡವ್ವ" ಎಂದು ನಕ್ಕರು. ಚಲುವಮ್ಮನನ್ನು ಕರೆದೊಯ್ದು ಅವರೆದುರು ನಿಲ್ಲಿಸಿದೆ. ಅವಳು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಅವರು ಮುಖ ತಿರುಗಿಸಿಕೊಂಡರು. ಸಂಜೆಗೆ ನಿನ್ನ ಲಾರಿ ಹಿಂದಕ್ಕೆ ಹೋಯಿತು. ಉಳಿದ ಮಂಡಿಯವರೂ ಒಬ್ಬೊಬ್ಬರಾಗಿ ಒಪ್ಪಿದರು. ಕೊಳ್ಳುವವರೇ ಇಲ್ಲದಿದ್ದರೆ ಬಾಗಿಲು ತೆಗೆಯುತ್ತೀಯ ಎಂದುಕೊಂಡೆ.

ತೆಗೆಯಲಿಲ್ಲ. ಬದಲಿಗೆ ಒಳಗಿರುವ ಆಳುಗಳಿಗೆ ಹಾಕುವ ಹಿಟ್ಟನ್ನೇ ಕಡಿಮೆ ಮಾಡಿದೆಯಂತೆ. ನಿನ್ನ ಬೆಲ್ಲ ಸಾಗಿಸುವ ಲಾರಿ ಡ್ರೈವರ್ ಹೊನ್ನಪ್ಪ ಬಂದು ಹೇಳಿದ. ನಾನು ಮಾಡಿದ ಕೆಲಸದಿಂದಲೇ ಆ ಕೂಸು ಹಸಿದಿದೆ ಎಂದು ತಿಳಿದಾಗಿನಿಂದ ತಟ್ಟೆಯ ಮುಂದೆ ಕೂತವಳು ಹಾಗೇ ಎದ್ದುಬಿಡುತ್ತೇನೆ. ಚಲುವಮ್ಮ ಈಗ ಅಳುವುದೂ ಇಲ್ಲ. ಸುಮ್ಮನೆ ರಸ್ತೆ ನೋಡುತ್ತ ಕೂರುತ್ತಾಳೆ. ಅವಳ ಮುಖ ನೋಡಲು ನನಗೆ ಧೈರ್ಯ ಸಾಲದು.

ನಿನಗಿಂತ ದೊಡ್ಡವಳು ನಾನು, ಆದರೂ ಕಾಲಿಗೆ ಬೀಳುತ್ತೇನೆ. ಬಾಗಿಲು ತೆಗಿ ತಿಮ್ಮೇಶ.

ನೀನು ಏನೇ ಮಾಡಿದರೂ ನಿನ್ನ ಅಕ್ಕನೇ ಆಗಿರುವ,
ಪುಟ್ಟಗೌರಮ್ಮ

ತಾ.ಕ.: ಕಾಗದ ಕೊಟ್ಟ ಹೊನ್ನಪ್ಪನನ್ನು ಬಯ್ಯಬೇಡ. ಹೊರಗೆ ನಿಂತಿರುವ ಅವನ ಖಾಲಿ ಲಾರಿ ಬೆಲ್ಲ ತುಂಬಲು ಬಂದದ್ದಲ್ಲ, ಒಳಗಿರುವ ಜನರನ್ನು ಕರೆದೊಯ್ಯಲು ಬಂದದ್ದು. ಅದರಲ್ಲಿ ಚಲುವಮ್ಮ ಇದ್ದಾಳೆ, ಶಿವಲಿಂಗಯ್ಯನವರಿದ್ದಾರೆ, ನಾನೂ ಇದ್ದೇನೆ. ಹಿಂದಿನ ಜೀಪು ತಹಸೀಲ್ದಾರರದು. ದೂರು ಕೊಟ್ಟವಳು ನಾನೇ. ಅವರು ಇಳಿಯುವಷ್ಟರಲ್ಲಿ ನೀನಾಗಿಯೇ ಬಾಗಿಲು ತೆಗೆದೆ ಎಂದು ನಮ್ಮವ್ವನಿಗೆ ಹೇಳುವ ಹಾಗೆ ಮಾಡಪ್ಪ.