ಕ್ಲೈವನ ಪ್ರಾಲಿನ್, ನಿನ್ನ ಉರುಳಿ

ಗುದೈಬಿಯಾ, ಬಹ್ರೇನ್
೧೩ ಡಿಸೆಂಬರ್ ೨೦೨೫, ಶನಿವಾರ

ಪ್ರೀತಿಯ ಲೀಲಾ,

ನಿನ್ನ ಮೊಣಕಾಲು ನೋವು ಹೇಗಿದೆ? ಅಶ್ಮಿತಾಳ ಮನೆಯ ಮೆಟ್ಟಿಲು ಹತ್ತಿ ಇಳಿದು ಜಾಸ್ತಿಯಾಗಿರಬೇಕು. ಅವಳು ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ಬಾಣಂತಿ ಬಾಣಂತಿ ಎಂದು ನೀನು ಬೆಳ್ಳುಳ್ಳಿ, ಕರಿಮೆಣಸು ಹಿಡಿದು ಮಗಳ ಬೆನ್ನು ಬಿದ್ದಿರುತ್ತೀ, ಅವಳು ಮೂಗು ಮುರಿಯುತ್ತಿರುತ್ತಾಳೆ, ಅದೆಲ್ಲ ನನಗೆ ಇಲ್ಲಿಂದಲೇ ಕಾಣುತ್ತದೆ. ನಮ್ಮ ಕೀರ್ತನ್ ಮೊನ್ನೆ ಕವುಚಿ ಬಿದ್ದದ್ದನ್ನು ವೀಡಿಯೊದಲ್ಲಿ ನೋಡಿದೆ. ಬಹಳ ಸಂತೋಷವಾಯಿತು. ಆದರೆ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಬೇಡ. ನಾನು ಫೋನ್ ಮಾಡಿದಾಗಲೆಲ್ಲ ನೀನು ಕ್ಯಾಮರಾವನ್ನು ಮೊಮ್ಮಗನ ಕಡೆ ತಿರುಗಿಸುತ್ತೀ. ನನಗೆ ಕಾಣುವುದು ಅವನ ಹಲ್ಲಿಲ್ಲದ ಬಾಯಿ ಮತ್ತು ನಿನ್ನ ಒಂದು ಮೊಣಕೈ. ಮೂವತ್ತಮೂರು ವರ್ಷ ಸಂಸಾರ ಮಾಡಿದವನಿಗೆ ಒಂದು ಮೊಣಕೈ ಸಾಕೇ? ನಾಲ್ಕು ತಿಂಗಳ ಕೂಸಿನ ಮೇಲೆ ಹೊಟ್ಟೆಕಿಚ್ಚು ಪಡುವ ಅಜ್ಜ ಎಂದು ನಗುತ್ತಿರಬಹುದು. ನಗು, ಪಡುತ್ತಿರುವುದು ಹೌದು.

ನಾನು ಚೆನ್ನಾಗಿದ್ದೇನೆ. ಶುಗರ್ ಕಂಟ್ರೋಲಿನಲ್ಲಿದೆ, ಅಂದರೆ ಮೊನ್ನೆಯವರೆಗೆ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ, ಇದೆಂಥ ಕಾಗದ ಎಂದು ನೀನು ಕೇಳುತ್ತೀ. ಅಲ್ಲಿ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ. ಅಳಿಯ, ಅಳಿಯನ ತಾಯಿ, ಮಗುವಿಗೆ ಎಣ್ಣೆ ಹಚ್ಚಲು ಬರುವ ಹೆಂಗಸು, ಎಲ್ಲರಿಗೂ ಕೇಳಿಸುವಂತೆ ಹೇಳುವ ಮಾತು ಇದಲ್ಲ. ಕೆಳಗಿನ ಕೆಫೆಟೇರಿಯಾದ ಹುಸೈನಬ್ಬ ಸೋಮವಾರ ಊರಿಗೆ ಹೊರಟಿದ್ದಾರೆ. ಒಂದು ಕಿಲೊಕ್ಕಿಂತ ಒಂದು ಗ್ರಾಮೂ ಹೆಚ್ಚು ಕೊಡಬೇಡಿ ಎಂದು ಮೊದಲೇ ಹೇಳಿಬಿಟ್ಟಿದ್ದಾರೆ. ಈ ಕಾಗದವೂ ಜೊತೆಗಿರುವ ಡಬ್ಬಿಯೂ ಸೇರಿ ಒಂದು ಕಿಲೊದೊಳಗೆ ಬಂದಿದೆ.

ಇನ್ನೊಂದು ಸುದ್ದಿ. ಸಲ್ಮಾಬಾದಿನ ಗೋದಾಮಿನಲ್ಲಿ ನನ್ನ ಕೆಲಸದ ಅವಧಿ ಮಾರ್ಚಿಗೆ ಮುಗಿಯುತ್ತದಲ್ಲ, ಗುರುವಾರ ಆಫೀಸಿನ ರಾಶಿದ್ ಇನ್ನೆರಡು ವರ್ಷದ ಕಾಗದ ತಯಾರು ಮಾಡಿ ತಂದು ಮೇಜಿನ ಮೇಲಿಟ್ಟು, ಖಲಾಸ್, ಸಹಿ ಒಂದೇ ಬಾಕಿ ಎಂದರು. ಜನವರಿಯಲ್ಲಿ ನೀನು ಹೇಗೂ ಬರುತ್ತೀ ಎಂದುಕೊಂಡು ನಾನು ಪೆನ್ನು ತೆಗೆದೇ ಬಿಟ್ಟಿದ್ದೆ. ಅಷ್ಟರಲ್ಲಿ ಲಾರಿಯೊಂದು ಬಂದು ಎದ್ದು ಹೋಗಬೇಕಾಯಿತು. ಭಾನುವಾರ ಕೊಟ್ಟರಾಯಿತು ಎಂದು ಆ ಕಾಗದವನ್ನು ಮನೆಗೆ ತಂದಿಟ್ಟುಕೊಂಡೆ.

ಈಗ ಕ್ಲೈವನ ವಿಷಯಕ್ಕೆ ಬರುತ್ತೇನೆ. ಹೆಸರು ಓದಿದ ಕೂಡಲೇ ನಿನ್ನ ಮುಖ ಅರಳಿತು, ನನಗೆ ಗೊತ್ತು. ಹದಿನಾಲ್ಕು ವರ್ಷದಿಂದ ಪ್ರತಿ ಡಿಸೆಂಬರಿನಲ್ಲಿ ಈ ಮೂಡುಬಿದಿರೆಯ ಪುಣ್ಯಾತ್ಮ ಅವಾಲಿಯಿಂದ ಕಾರು ಹಾಕಿಕೊಂಡು ನಮ್ಮ ಅಡುಗೆಮನೆಗೆ ಬರುತ್ತಿದ್ದ. ಎಣ್ಣೆ ಕಂಪೆನಿಯ ಕ್ಲಬ್ಬಿನಲ್ಲಿ ಅಡುಗೆಯವನು, ಅಲ್ಲಿ ಯಾವಳೋ ಅಮೆರಿಕದ ಮೇಡಮ್ಮು ಹಿಂದೊಮ್ಮೆ ಪಿಕಾನ್ ಪ್ರಾಲಿನ್ ಎಂಬ ಆ ಸಕ್ಕರೆಪಾಕದ ಮಿಠಾಯಿ ಮಾಡಲು ಕಲಿಸಿದ್ದಳಂತೆ. ಕ್ರಿಸ್ಮಸ್ಸಿಗೆ ಅದನ್ನು ಮಾಡದಿದ್ದರೆ ಅವನಿಗೆ ಹಬ್ಬವೇ ಇಲ್ಲ. ಆದರೆ ಪಾಕ ನೋಡಲು ಮಾತ್ರ ನೀನೇ ಬೇಕು. ಅವನು ಕಡ್ಡಿಯಂಥ ಥರ್ಮಾಮೀಟರ್ ಹಿಡಿದು ನಿಲ್ಲುವುದು, ನೀನು ಬಟ್ಟಲ ನೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉಂಡೆ ಮಾಡಿ, ಆಯ್ತು ಇಳ್ಸು ಎನ್ನುವುದು, ಅವನು ಲೀಲಕ್ಕ ಲೀಲಕ್ಕ ಎಂದು ಕುಣಿಯುವುದು. ಅವನ ಹೆಂಡತಿ ತೀರಿಕೊಂಡ ಮೇಲೆ, ಪಾಪ ಎಂದು ನಾನೂ ಸುಮ್ಮನಿದ್ದೆ. ಆದರೆ ಹಾಲ್‌ನಲ್ಲಿ ಟಿವಿ ಮುಂದೆ ಕೂತವನಿಗೆ ಅಡುಗೆಮನೆಯ ನಗು ಕೇಳಿಸುತ್ತಿತ್ತು. ಒಂದು ವರ್ಷ ನೀರು ಕುಡಿಯುವ ನೆಪದಲ್ಲಿ ಒಳಗೆ ಬಂದರೆ ಇಬ್ಬರೂ ಗಪ್‌ಚಿಪ್. ಏನದು ಜೋಕು ಎಂದು ಕೇಳಿದ್ದಕ್ಕೆ, “ಎಂತ ಇಲ್ಲ ಮಾರಾಯ್ರೆ, ನಿಮ್ಗೆ ಅರ್ಥ ಆಗ್ಲಿಕ್ಕಿಲ್ಲ” ಎಂದುಬಿಟ್ಟೆ ನೀನು. ಕೊನೆಗೆ ಸಟ್ಟುಗ ನೆಕ್ಕಲು ಸಿಗುವುದು ಕ್ಲೈವನಿಗೆ. ನನಗೆ ಶುಗರ್ ಎಂದು ಅರ್ಧ ತುಂಡು, ಅದೂ ಎಣಿಸಿ. ನನ್ನ ಸಂಕಟ ಪ್ರಾಲಿನ್ನಿನದಲ್ಲ ಲೀಲಾ, ಆ ಸಟ್ಟುಗದ್ದು.

ನೀನಿಲ್ಲದ ಈ ವರ್ಷ ಅವನು ಬರುವುದಿಲ್ಲ ಎಂದು ನಿಶ್ಚಿಂತೆಯಲ್ಲಿದ್ದೆ. ಕಳೆದ ಶುಕ್ರವಾರ ಬೆಲ್ ಆಯಿತು. ಕೈಯಲ್ಲಿ ಅದೇ ನೀಲಿ ಡಬ್ಬಿ, ಒಳಗೆ ಹದಿನಾರು ಪ್ರಾಲಿನ್. “ಲೀಲಕ್ಕ ಇಲ್ಲ ಅಂತ ಬಿಡ್ಲಿಕ್ಕೆ ಆಗ್ತದಾ ದಾಸಣ್ಣ” ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಚಹಾ ಕೊಟ್ಟು ಕಳಿಸುತ್ತಿದ್ದೆ. ಹೋಗುವಾಗ ಬಾಗಿಲಲ್ಲಿ ನಿಂತು, ನಿನ್ನೆ ಲೀಲಕ್ಕ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದ್ರು, ಪಾಕದ ಹದ ಎಲ್ಲ ಕೇಳಿದ್ರು ಎಂದು ಹಲ್ಲು ಕಿರಿದ. ಅರ್ಧ ಗಂಟೆ! ನನಗೆ ಮೊಣಕೈ, ಅವನಿಗೆ ಅರ್ಧ ಗಂಟೆ. ಆ ಸಿಟ್ಟಿಗೆ ಬಾಗಿಲು ಹಾಕಿದವನೇ ನಿಂತಲ್ಲೇ ನಾಲ್ಕು ತಿಂದೆ. ಚೆನ್ನಾಗಿತ್ತು, ಅದು ಇನ್ನೂ ಸಿಟ್ಟು ತರಿಸಿತು.

ಡಬ್ಬಿ ಖಾಲಿಯಾಯಿತು, ಆದರೆ ಖಾಲಿ ಡಬ್ಬಿ ಹಿಂದೆ ಕೊಡುವುದು ಹೇಗೆ? ನಮ್ಮ ಮನೆಯಿಂದ ಯಾರ ಪಾತ್ರೆಯೂ ಬರಿದೇ ಹೋದದ್ದಿಲ್ಲ. ಏನೂ ಇಲ್ಲದ ದಿನ ನೀನು ಎರಡು ಲಿಂಬೆಹಣ್ಣನ್ನಾದರೂ ಹಾಕಿ ಕೊಡುತ್ತಿದ್ದೆ. ಅಂಗಡಿಯಿಂದ ಒಂದು ಕಿಲೊ ಹಲ್ವ ತಂದು ತುಂಬಿಸಬಹುದಿತ್ತು. ಆದರೆ ನನಗೆ ಹಟ ಬಂತು. ಪಿಕಾನ್ ಪ್ರಾಲಿನ್ ಕೊಟ್ಟವನಿಗೆ ಪಿಕಾನ್ ಪ್ರಾಲಿನ್ನೇ ಕೊಡುತ್ತೇನೆ, ಅವನದಕ್ಕಿಂತ ಒಳ್ಳೆಯದನ್ನು ಕೊಡುತ್ತೇನೆ, ಅದನ್ನು ತಿಂದು ಅವನು ನಿನಗೆ ಫೋನ್ ಮಾಡಿ ಹೊಗಳಬೇಕು ಎಂದು ತೀರ್ಮಾನಿಸಿದೆ.

ಸೀಫ್ ಮಾಲಿಗೆ ಹೋಗಿ ಪಿಕಾನ್ ತಂದೆ. ಅಕ್ರೋಟಿನ ಹಾಗೆಯೇ, ಸ್ವಲ್ಪ ಉದ್ದ, ಸ್ವಲ್ಪ ನಯ. ನಿನ್ನೆ ಬೆಳಿಗ್ಗೆ ಸ್ನಾನ ಮಾಡಿ, ನಿನ್ನ ಏಪ್ರನ್ ಕಟ್ಟಿಕೊಂಡು ನಿಂತೆ. ಮೊದಲು ನೀನು ಪಾಕ ಕಾಯಿಸುವ ಆ ದಪ್ಪ ಪಾತ್ರೆ, ನಿನ್ನ ಉರುಳಿ ಹುಡುಕಿದೆ, ಸಿಗಲಿಲ್ಲ. ಎಲ್ಲೋ ಮೇಲೆ ಕಟ್ಟಿಟ್ಟಿರಬೇಕು ಎಂದುಕೊಂಡು ಕುಕ್ಕರಿನ ಅಡಿಯನ್ನೇ ಒಲೆಗಿಟ್ಟೆ. ಇಂಟರ್ನೆಟ್ಟಿನಲ್ಲಿ ಬ್ರೌನ್ ಶುಗರ್, ಕ್ರೀಮ್, ಬೆಣ್ಣೆ ಎಂದಿತ್ತು. ಬ್ರೌನ್ ಶುಗರ್ ಅಂದರೆ ಏನು, ನಮ್ಮ ಬೆಲ್ಲವೇ ತಾನೇ, ಅಮೆರಿಕದವರಿಗೆ ಓಲೆಬೆಲ್ಲ ಸಿಕ್ಕಿದ್ದರೆ ಅವರೂ ಅದನ್ನೇ ಹಾಕುತ್ತಿದ್ದರು ಎಂದು ನಿನ್ನ ಡಬ್ಬಿಯಲ್ಲಿದ್ದ ಎರಡು ಅಚ್ಚು ಜಜ್ಜಿ ಹಾಕಿದೆ. ಐದು ನಿಮಿಷದಲ್ಲಿ ಕ್ರೀಮೆಲ್ಲ ಒಡೆದು ಮೊಸರು ಮೊಸರಾಗಿ ನೀರು ಬಿಟ್ಟಿತು. ಅದನ್ನು ಚೆಲ್ಲಿ ಎರಡನೇ ಸಲ ಬಿಳಿ ಸಕ್ಕರೆ ಹಾಕಿದೆ. ಈ ಸಲ ನನ್ನ ಅಮ್ಮ ನೆಲಗಡಲೆ ಚಿಕ್ಕಿಗೆ ನೋಡುತ್ತಿದ್ದ ಪಾಕ ನೋಡಿದೆ, ನೀರಿಗೆ ಬಿಟ್ಟರೆ ಗಟ್ಟಿಯಾಗಿ ಬಟ್ಟಲಿಗೆ ಟಕ್ ಎಂದು ತಾಗಬೇಕು. ತಾಗಿತು. ತಟ್ಟೆಗೆ ಬಿಟ್ಟ ಇಪ್ಪತ್ತು ಪ್ರಾಲಿನ್ನಲ್ಲಿ ಒಂದನ್ನು ಬಿಡಿಸಲು ಸುತ್ತಿಗೆ ತರಬೇಕಾಯಿತು. ಆದರೂ ನೋಡಲು ಹೊಳೆಯುತ್ತಿದ್ದವು. ಹೊಳೆಯುವುದು ಒಳ್ಳೆಯ ಲಕ್ಷಣ ಎಂದೇ ತಿಳಿದು, ಡಬ್ಬಿ ತುಂಬಿಸಿ ಅವಾಲಿಗೆ ಕಾರು ಬಿಟ್ಟೆ.

ಕ್ಲೈವ್ ಒಂದನ್ನು ಬಾಯಿಗೆ ಹಾಕಿಕೊಂಡ. ಎಡ ದವಡೆಯಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸರಿಸಿದ. “ರುಚಿ ಉಂಟು ದಾಸಣ್ಣ” ಎಂದ. ಅವನ ಒಳ್ಳೆಯತನವೇ ನನಗೆ ಆಗದ್ದು. ಆಮೇಲೆ ಮೆಲ್ಲಗೆ, ಮೊದಲು ಬೆಲ್ಲ ಹಾಕಿ ಒಡೆಸಿದ್ರಾ ಎಂದು ಕೇಳಿದ. ನಿನಗೆ ಹೇಗೆ ಗೊತ್ತು ಎಂದೆ. “ನಮ್ಮೂರಿನವ್ರು ಎಲ್ಲ ಅದನ್ನೇ ಮಾಡುದು. ಲೀಲಕ್ಕನೂ ಮೊದ್ಲ ವರ್ಷ ಮಾಡಿದ್ರು. ಆ ಒಡೆದದ್ದನ್ನು ಕಲಾಕಂದ್ ಅಂತ ನಿಮ್ಗೆ ಕೊಟ್ರೆ ನೀವು ಇನ್ನೊಂದು ಉಂಟಾ ಅಂತ ಕೇಳಿದ್ರಿ” ಎಂದು ನಗಲು ಶುರು ಮಾಡಿದ. ಇದೇ ಜೋಕಾ ಲೀಲಾ? ಇಷ್ಟು ವರ್ಷ ಇದಕ್ಕಾ ನಾನು ಮೈ ಪರಚಿಕೊಂಡದ್ದು? ನನಗೂ ನಗು ಬಂತು. ಆ ಗಳಿಗೆಯಲ್ಲಿ ನನಗೆ ಕ್ಲೈವನ ಮೇಲಿನ ಹೊಟ್ಟೆಯುರಿ ಮುಕ್ಕಾಲು ಪಾಲು ಇಳಿದಿತ್ತು, ದೇವರಾಣೆ. ಬನ್ನಿ, ಸರಿಯಾಗಿ ಮಾಡುವುದು ಹೇಗೆಂದು ತೋರಿಸುತ್ತೇನೆ ಎಂದು ಅವನು ಅಡುಗೆಮನೆಗೆ ಕರೆದುಕೊಂಡು ಹೋದ.

ಅಲ್ಲಿ ಅವನ ಒಲೆಯ ಮೇಲೆ ನಿನ್ನ ಉರುಳಿ ಕೂತಿತ್ತು. ನಿನ್ನ ಅಮ್ಮ ಕೊಟ್ಟ ಕಂಚಿನ ಉರುಳಿ. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ‘ಗುಲಾಬಿ’ ಎಂಬ ಹೆಸರು ನನ್ನ ಕಡೆಗೇ ತಿರುಗಿತ್ತು. ನನ್ನ ಅತ್ತೆಯ ಹೆಸರು ಕ್ಲೈವನ ಒಲೆಯ ಮೇಲೆ! ನನ್ನ ಮುಖ ನೋಡಿ ಅವನೇ ಹೇಳಿದ. “ಏರ್‌ಪೋರ್ಟಿಗೆ ಹೊರಟ ದಿನ ಲೀಲಕ್ಕ ಕೊಟ್ಟದ್ದಲ್ವಾ? ದಾಸಣ್ಣನ ಕೈಯಲ್ಲಿ ಬಿಟ್ರೆ ಬಾಲ್ಕನಿಯಲ್ಲಿ ಗಿಡ ನೆಡ್ತಾರೆ, ನಿನ್ನ ಹತ್ರ ಇರ್ಲಿ, ನಾನಿನ್ನು ಬರ್ಲಿಕ್ಕಿಲ್ಲ ಅಂದ್ರು. ನಿಮ್ಗೆ ಹೇಳ್ಲಿಲ್ವಾ?” ನಾನು, ಹೇಳಿದಾಳೆ, ಹೇಳಿದಾಳೆ ಎಂದೆ. ಹೇಳಿರಲಿಲ್ಲ ಎಂದು ಅವನ ಎದುರು ಒಪ್ಪಿಕೊಳ್ಳಲು ನನ್ನ ನಾಲಗೆ ಏಳಲಿಲ್ಲ.

ಲೀಲಾ, ನಿಜ ಹೇಳುತ್ತೇನೆ, ನನಗೆ ಆಗ ಬಂದ ಹೊಟ್ಟೆಕಿಚ್ಚಿನ ಮುಂದೆ ಈ ಹದಿನಾಲ್ಕು ವರ್ಷದ್ದು ಏನೂ ಅಲ್ಲ. ಅವನ ಜೊತೆ ನೀನು ನಕ್ಕದ್ದು ಇರಲಿ, ಉರುಳಿ ಕೊಟ್ಟದ್ದೂ ಇರಲಿ. ಬರುವುದಿಲ್ಲ ಎಂಬ ಮಾತನ್ನು ನನಗಿಂತ ಮೊದಲು ಅವನಿಗೆ ಹೇಳಿದೆಯಲ್ಲ, ಅದನ್ನು ನುಂಗಲು ಆಗಲಿಲ್ಲ. ಜಗಳ ತೆಗೆಯಬೇಕೆಂದೇ ಆ ಉರುಳಿಯನ್ನು ಕೈಗೆತ್ತಿಕೊಂಡೆ. ಎತ್ತಿದ ಕೂಡಲೇ ಅದರ ತೂಕ ನನ್ನ ಕೈಗೆ ನೆನಪಾಯಿತು.

ಜುಲೈಯಲ್ಲಿ ನೀನು ಹೊರಡುವ ಮುನ್ನಾದಿನ ನಾನು ಸೂಟ್‌ಕೇಸನ್ನು ತೂಕದ ಕೊಕ್ಕೆಗೆ ಸಿಕ್ಕಿಸಿ ಎತ್ತಿದ್ದೆ. ಮೂವತ್ತನಾಲ್ಕೂವರೆ ಕಿಲೊ ತೋರಿಸಿತು, ವಿಮಾನದಲ್ಲಿ ಬಿಡುವುದು ಮೂವತ್ತು. ತೆರೆದು ನೋಡಿದರೆ ಸೀರೆಗಳ ನಡುವೆ ಉರುಳಿ. ಬಾಣಂತನಕ್ಕೆ ಹೋಗುವವಳಿಗೆ ಇದೆಂತಕ್ಕೆ, ಆರು ತಿಂಗಳಲ್ಲಿ ಬರುವವಳಲ್ಲವಾ ಎಂದು ನಾನೇ ಅದನ್ನು ಹೊರಗೆ ತೆಗೆದು, ಸರಿಯಾಗಿ ಮೂವತ್ತು ಬಂತು ಎಂದು ಚಪ್ಪಾಳೆ ತಟ್ಟಿದೆ. ನೀನು ಸೀರೆಗಳನ್ನು ಮತ್ತೆ ಮಡಚಿದೆ. ಅಮ್ಮನ ಉರುಳಿಯನ್ನು ಕಟ್ಟಿಕೊಂಡ ಹೆಂಗಸು ವಾಪಸು ಬರಲು ಹೊರಟವಳಲ್ಲ ಎಂದು ಗೋದಾಮಿನಲ್ಲಿ ಮೂವತ್ತಾರು ವರ್ಷ ಸಾಮಾನು ನೋಡಿದವನಿಗೆ ಹೊಳೆಯಲಿಲ್ಲ. ನೀನು ನನಗೇ ಮೊದಲು ಹೇಳಿದ್ದೆ. ಊರಲ್ಲಿ ಕಾವೂರಿನ ಫ್ಲ್ಯಾಟ್ ಕೊಂಡು ಒಂಬತ್ತು ವರ್ಷ, ಪ್ರತಿ ವರ್ಷ ನೀನು ಹೋಗೋಣ ಎಂದೆ, ನಾನು ಇನ್ನೊಂದೇ ವರ್ಷ ಎಂದೆ. ನಾನು ಕಿವಿಗೆ ಹಾಕಿಕೊಳ್ಳದ ಮಾತನ್ನು ಕ್ಲೈವ್ ಒಲೆಯ ಹತ್ತಿರ ನಿಂತು ಕೇಳಿಸಿಕೊಂಡ, ಅಷ್ಟೇ. ಈಗಲೂ ಅವನ ಮೇಲೆ ಹೊಟ್ಟೆಕಿಚ್ಚು ಇದೆ, ಆದರೆ ತಪ್ಪು ಅವನದಲ್ಲ.

ಜಗಳ ಆಗಲಿಲ್ಲ. ಇಬ್ಬರೂ ಸೇರಿ ಪ್ರಾಲಿನ್ ಮಾಡಿದೆವು. ಚಿಕ್ಕಿ ಪಾಕ ಅಲ್ಲವಂತೆ, ನೀರಲ್ಲಿ ಮೆತ್ತಗಿನ ಉಂಡೆ ಆದರೆ ಸಾಕಂತೆ. ಇಳಿಸಿದ ಮೇಲೆ ಹೊಳಪು ಹೋಗುವ ತನಕ ಕಡೆಯಬೇಕು. ಅವನು ಉರುಳಿ ಹಿಡಿದುಕೊಂಡ, ನಾನು ಕಡೆದೆ. “ನಿಲ್ಲಿಸ್ಬೇಡಿ ದಾಸಣ್ಣ, ಲೀಲಕ್ಕ ಒಮ್ಮೆಯೂ ನಿಲ್ಲಿಸುದಿಲ್ಲ” ಎಂದ. ಹತ್ತೇ ನಿಮಿಷಕ್ಕೆ ನನ್ನ ರಟ್ಟೆ ಬಿದ್ದುಹೋಯಿತು. ಇದನ್ನು ನೀನು ಪ್ರತಿ ವರ್ಷ ಒಂದೇ ದಿನ ನಾಲ್ಕು ಸಲ ಮಾಡುತ್ತಿದ್ದೆ, ನಾನು ನಗು ಮಾತ್ರ ಕೇಳಿಸಿಕೊಂಡಿದ್ದೆ. ಕಾಗದದ ಮೇಲೆ ಬಿಟ್ಟಾದ ಮೇಲೆ ಕ್ಲೈವ್ ಸಟ್ಟುಗವನ್ನು ನನ್ನ ಕೈಗೆ ಕೊಟ್ಟ. ನೆಕ್ಕಿದೆ. ಬೈಯಬೇಡ. ಉರುಳಿ ಕೊಂಡುಹೋಗುತ್ತೇನೆ ಎಂದಾಗ, ಖಾಲಿ ಪಾತ್ರೆ ಕೊಡ್ಲಿಕ್ಕೆ ನನ್ಗೂ ಬರುದಿಲ್ಲ ಎಂದು ಎಲ್ಲ ಪ್ರಾಲಿನ್ನುಗಳನ್ನು ಅದರಲ್ಲೇ ತುಂಬಿಸಿ ಕಾರಿನವರೆಗೆ ಹೊತ್ತು ತಂದ.

ಅಶ್ಮಿತಾಳಿಗೂ ಅಳಿಯನಿಗೂ ನನ್ನ ಆಶೀರ್ವಾದ ತಿಳಿಸು. ಅಳಿಯನ ತಾಯಿಗೆ ನಮಸ್ಕಾರ. ಕೀರ್ತನನಿಗೆ ಎರಡು ಮುತ್ತು ಕೊಡು, ಎರಡೇ ಸಾಕು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ಮೊಣಕೈ ನೋಡಿಯೇ ದಿನ ತಳ್ಳುತ್ತಿರುವ
ನಿನ್ನ ಮೋಹನದಾಸ

ತಾ.ಕ.: ಹುಸೈನಬ್ಬ ಕೆಳಗಿನಿಂದ ಫೋನ್ ಮಾಡುತ್ತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಡಬ್ಬಿಯಲ್ಲಿರುವುದು ನಾನು ಕಡೆದ ಪ್ರಾಲಿನ್. ಉರುಳಿಯನ್ನು ಕಳಿಸುತ್ತಿಲ್ಲ. ರಾಶಿದರ ಕಾಗದಕ್ಕೆ ಸಹಿ ಹಾಕಿಲ್ಲ, ನಾಳೆ ಹಾಗೆಯೇ ವಾಪಸು ಕೊಡುತ್ತೇನೆ. ಮಾರ್ಚಿನಲ್ಲಿ ನನ್ನ ಸೂಟ್‌ಕೇಸಿಗೆ ಮೊದಲು ಉರುಳಿ ಇಡುತ್ತೇನೆ, ಉಳಿದ ಇಪ್ಪತ್ತೈದೂವರೆ ಕಿಲೊದಲ್ಲಿ ನನ್ನ ಬಟ್ಟೆ ಎಷ್ಟು ಹಿಡಿಯುತ್ತದೋ ಅಷ್ಟು. ಕಾವೂರಿನ ಅಡುಗೆಮನೆಯಲ್ಲಿ ಅದನ್ನು ಎಲ್ಲಿಡಬೇಕು, ನಾನು ಎಲ್ಲಿ ಕೂರಬೇಕು ಎಂದು ನೀನೇ ಹೇಳು. ಆದರೆ ಸ್ಪೀಕರ್ ತೆಗೆದು, ಮೊದಲು ನನಗೆ ಹೇಳು. ಕ್ಲೈವನಿಗೆ ನಾನು ಹೇಳಿಕೊಳ್ಳುತ್ತೇನೆ.