ನಂದು ಕ್ಯಾಂಟೀನಲ್ಲಾಯ್ತು

ಭಾನುವಾರ, ಮಾರ್ಚ್ ೯

ಪ್ರೀತಿಯ ಅತ್ತಿಗೆಯವರಿಗೆ,

ನಮಸ್ಕಾರ. ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದೆ ಸತಾಯಿಸಿದ್ದಕ್ಕೆ ಬೈದುಕೊಂಡಿರುತ್ತೀರಿ. ಬೈದದ್ದು ಇಲ್ಲಿಗೂ ಕೇಳಿಸಿದೆ. ವಾರ್ಡಿನಲ್ಲಿ ಇಬ್ಬರು ನರ್ಸುಗಳು ರಜೆ ಹಾಕಿದ್ದರಿಂದ ನನಗೆ ಡ್ಯೂಟಿಯ ಬೆನ್ನಿಗೇ ಇನ್ನೊಂದು ಡ್ಯೂಟಿ ಬೀಳುತ್ತಿತ್ತು. ಮನೆಗೆ ಬಂದರೆ ಪೆನ್ನು ಹಿಡಿಯುವಷ್ಟೂ ತ್ರಾಣ ಉಳಿಯುತ್ತಿರಲಿಲ್ಲ. ಮಿಕ್ಕಂತೆ ನಾವೆಲ್ಲ ಕ್ಷೇಮ. ಲಾರಿ ತೆಗೆದುಕೊಂಡು ಗುರುವಾರ ಹೋದ ನಿಮ್ಮ ತಮ್ಮ ನಾಳೆ ಬರುತ್ತಾರೆ. ಮಾವ ಕಿಟಕಿಯ ಪಕ್ಕ ಕೂತು ರಸ್ತೆಯಲ್ಲಿ ಹೋಗುವ ಬಸ್ಸುಗಳ ಇಂಜಿನ್ ಸದ್ದಿಗೆ ಮಾರ್ಕು ಕೊಡುತ್ತಿದ್ದಾರೆ. ಈಗ ಹೋದದ್ದಕ್ಕೆ ಸೊನ್ನೆ.

ಆಪರೇಷನ್‌ಗೆ ದಿನ ಗೊತ್ತಾಗಿದೆ, ಮುಂದಿನ ತಿಂಗಳ ಮೊದಲ ವಾರ. ಗರ್ಭಕೋಶ ತೆಗೆಸುವುದೇ ವಾಸಿ ಎಂದು ನಮ್ಮ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟರು. "ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲ, ಈಗ ನೀನೇ ಸುಮ್ನೆ ಮಲ್ಕೋ" ಎಂದರು. ಆಮೇಲೆ ಒಂದೂವರೆ ತಿಂಗಳು ನಾನು ಭಾರ ಎತ್ತುವಂತಿಲ್ಲ, ಒಲೆಯ ಮುಂದೆ ನಿಲ್ಲುವಂತಿಲ್ಲ. ಅಷ್ಟು ದಿನ ಮಾವ ನಿಮ್ಮ ಮನೆಯಲ್ಲಿರಬೇಕು. ಬೇರೆ ದಾರಿ ನನಗೆ ಕಾಣುತ್ತಿಲ್ಲ.

ನೀವೇನೋ ಒಪ್ಪಿದ್ದೀರಿ. ಆದರೆ ಒಪ್ಪಿದ ಧಾಟಿ ನೋಡಿ: "ಕರ್ಕೊಂಡ್ ಬಾ, ಬೇಡ ಅನ್ನಲ್ಲ. ಆದ್ರೆ ಅಪ್ಪ ನನ್ನ ಕೈಯಿಂದ ತಿನ್ನಲ್ಲ. ಹೋದ ಸಲ ಬಂದಾಗ ಬರೀ ಟೀ, ಬಿಸ್ಕತ್ತು. ತಟ್ಟೆ ಮುಂದಿಟ್ರೆ 'ನಂದು ಕ್ಯಾಂಟೀನಲ್ಲಾಯ್ತು' ಅಂತ ಆಚೆ ತಳ್ತಿದ್ರು. ಅಮ್ಮ ಹೋದ್ಮೇಲೆ, ಹನ್ನೆರಡು ವರ್ಷದವಳು ನಾನು ಬೇಯ್ಸಿ ಹಾಕ್ತಿದ್ದಾಗ್ಲೂ ಕಾರ್ಖಾನೆಯಿಂದ ಬಂದು ಇದೇ ಮಾತು. ನನ್ನಡುಗೆ ಅವ್ರಿಗೆ ಯಾವತ್ತು ಸೇರಿತ್ತು? ನಿನ್ನ ಕೈಗುಣ ದೊಡ್ಡದು. ಅದೇನು ಚಾಪ್ಸ್ ಮಾಡ್ತೀಯೋ ಬರೆದು ಕಳ್ಸು." ಕೊನೆಯ ಮಾತಿನ ಖಾರ ನನಗೆ ನಾಟಿತು ಅತ್ತಿಗೆ. ನಾಟಲಿ ಎಂದೇ ಹಾಕಿದ್ದಿರೇನೋ.

ಕೈಗುಣವೂ ಇಲ್ಲ, ಕಾಲ್ಗುಣವೂ ಇಲ್ಲ. ಇಡೀ ದಿನ ನಿಂತೇ ಕೆಲಸ ಮಾಡಿ ಬಂದವಳು ಬೇಗ ಮುಗಿಸಿ ಕೂರಲೆಂದು ಮಾಡುವ ಅಡುಗೆ ಇದು. ಮಾಂಸದಂಗಡಿಯಲ್ಲಿ ಮೂಳೆ ಸಮೇತ, ಹೆಬ್ಬೆರಳಿನಷ್ಟು ದಪ್ಪದ ಹಂದಿ ಚಾಪ್ಸ್ ಕೇಳಿ. ತೆಳ್ಳಗೆ ಕೊಯ್ದು ಕೊಟ್ಟರೆ ವಾಪಸ್ಸು ಕೊಡಿ, ಅದು ಬೆಂದ ಮೇಲೆ ಚಪ್ಪಲಿಯ ಅಟ್ಟೆ. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟು, ಬಟ್ಟೆಯಿಂದ ತೇವ ತೆಗೆಯಿರಿ. ಗಾಯ ಒರೆಸುವ ಹಾಗೆ ಒತ್ತಬೇಕು, ಉಜ್ಜಬಾರದು. ಉಪ್ಪು, ಕಾಳುಮೆಣಸಿನ ಪುಡಿ ಸವರಿ. ಅಂಚಿನ ಕೊಬ್ಬಿಗೆ ಕತ್ತರಿಯಿಂದ ಎರಡು ಮೂರು ಗೀರು ಹಾಕಿ, ಇಲ್ಲದಿದ್ದರೆ ಮುದುಡಿಕೊಳ್ಳುತ್ತದೆ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಮೊದಲು ಆ ಅಂಚನ್ನೇ ನಿಲ್ಲಿಸಿ ಹಿಡಿಯಿರಿ. ಅದರದೇ ಜಿಡ್ಡು ಇಳಿಯುತ್ತದೆ, ಎಣ್ಣೆ ಬೇಕಿಲ್ಲ. ಎರಡೂ ಮಗ್ಗುಲು ಕೆಂಪಗಾದ ಮೇಲೆ ಉರಿ ತಗ್ಗಿಸಿ, ಈರುಳ್ಳಿ, ಸೇಬಿನ ಹೋಳು, ಒಂದು ಚಮಚ ವಿನೆಗರ್ ಹಾಕಿ ಮುಚ್ಚಿಬಿಡಿ. ಚುಚ್ಚಿದರೆ ಕೆಂಪು ನೀರು ಬರಬಾರದು. ಇಳಿಸಿದ ಕೂಡಲೇ ಕತ್ತರಿಸಬೇಡಿ, ಆಪರೇಷನ್ ಆದವರ ಹಾಗೆ ಅದಕ್ಕೂ ರೆಸ್ಟ್ ಬೇಕು.

ತೀರ ಸುಸ್ತಾದ ದಿನ ಒಲೆಯನ್ನೂ ಹಚ್ಚುವುದಿಲ್ಲ. ಆಲೂಗಡ್ಡೆ, ಕ್ಯಾರೆಟ್ಟು ದಪ್ಪದಪ್ಪ ಹೆಚ್ಚಿ ತಟ್ಟೆಯಲ್ಲಿ ಹರಡಿ, ಮೇಲೆ ಚಾಪ್ಸ್ ಇಟ್ಟು ಓವನ್ನಿಗೆ ತಳ್ಳಿ ಕಾಲು ಚಾಚಿ ಕೂರುತ್ತೇನೆ. ಹೇಗೆ ಮಾಡಿದರೂ ಮಾವನಿಗೆ ಮೂಳೆ ಬಿಡಿಸಿ ಸಣ್ಣಗೆ ಕತ್ತರಿಸಬೇಕು; ಬೆಂದ ಆಲೂಗಡ್ಡೆಯನ್ನು ಆ ರಸದಲ್ಲೇ ಹಿಸುಕಿ ಪಕ್ಕದಲ್ಲಿಡಬೇಕು. ಅಂಚಿನ ಕೊಬ್ಬಿನ ತುಂಡನ್ನು ಮಾತ್ರ ಅವರು ದಿನಾ ಬದಿಗೆ ಸರಿಸುತ್ತಾರೆ. ಹಲ್ಲಿನ ತೊಂದರೆ ಇರಬೇಕು ಎಂದುಕೊಂಡಿದ್ದೆ.

ಆದರೆ ಇಷ್ಟನ್ನು ಮಾಡಿ ಮುಂದಿಟ್ಟರೆ ನಿಮ್ಮಲ್ಲಿ ತಿನ್ನುವುದಿಲ್ಲ. ನನ್ನಲ್ಲೂ ತಿನ್ನುತ್ತಿರಲಿಲ್ಲ. ಮರೆವು ಹೆಚ್ಚಾದ ಮೇಲೆ ನನಗೂ ಅದೇ ಕ್ಯಾಂಟೀನಿನ ಉತ್ತರ. ಅಂಗಿ ಅವರ ಮೈಮೇಲೆ ಹ್ಯಾಂಗರಿಗೆ ಹಾಕಿದ ಹಾಗೆ ಜೋತಾಡತೊಡಗಿತ್ತು. ವಾರ್ಡಿನಲ್ಲಿ ಎಂಥೆಂಥ ಹಟಮಾರಿಗಳಿಗೆ ಉಣ್ಣಿಸಿ ಬಂದು, ಮನೆಯಲ್ಲಿ ಮಾವನ ಮುಂದೆ ಸೋತು ಕೂರುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಒಂದು ಸಂಜೆ ಡಬಲ್ ಡ್ಯೂಟಿ ಮುಗಿಸಿ ಬಂದವಳಿಗೆ ಬಟ್ಟೆ ಬದಲಿಸುವಷ್ಟೂ ತಾಳ್ಮೆ ಇರಲಿಲ್ಲ. ಯೂನಿಫಾರ್ಮಿನಲ್ಲೇ ಚಾಪ್ಸ್ ಹುರಿದು, ಕೈಗೆ ಸಿಕ್ಕಿದ ಸ್ಟೀಲ್ ಟ್ರೇಯಲ್ಲಿ ಹಾಕಿ ಮುಂದಿಟ್ಟೆ. ಮಾವ ನೆಟ್ಟಗೆ ಕೂತರು. "ಥ್ಯಾಂಕ್ಸ್ ಸಿಸ್ಟರ್" ಎಂದರು. ಟ್ರೇ ತೊಳೆದಿಟ್ಟ ಹಾಗೆ ಖಾಲಿ.

ಮರುದಿನ ಮನೆಯ ಬಟ್ಟೆಯಲ್ಲಿ ಅದೇ ಚಾಪ್ಸ್ ಕೊಟ್ಟೆ. "ನಂದಾಯ್ತಮ್ಮ, ಕ್ಯಾಂಟೀನಲ್ಲಿ" ಎಂದರು. ಅಂದಿನಿಂದ ರಜೆಯ ದಿನವೂ ಊಟದ ಹೊತ್ತಿಗೆ ಯೂನಿಫಾರ್ಮ್ ಏರಿಸುತ್ತೇನೆ. ನಿಮ್ಮ ತಮ್ಮನಿಗೂ ಹಾಕಿಸಿ ನೋಡೋಣವೆಂದರೆ ಆ ಮೀಸೆಗೆ ಯಾವ ಆಸ್ಪತ್ರೆಯಲ್ಲೂ ಕೆಲಸ ಸಿಗುವುದಿಲ್ಲ.

ಅದಕ್ಕೇ ಈ ಕಾಗದದ ಜೊತೆ ಒಂದು ಪೊಟ್ಟಣ ಇದೆ. ನನ್ನ ಹಳೆಯ ಯೂನಿಫಾರ್ಮ್, ಅಂಥದ್ದೇ ಇನ್ನೊಂದು ಟ್ರೇ. ಯೂನಿಫಾರ್ಮಿನ ಎರಡೂ ಬದಿಯ ಹೊಲಿಗೆ ಬಿಚ್ಚಿ ಅಗಲ ಮಾಡಿಸಿದ್ದೇನೆ, ಕೋಪ ಮಾಡಿಕೊಳ್ಳಬೇಡಿ, ದರ್ಜಿಗೆ ಯಾರಿಗೆಂದು ಹೇಳಿಲ್ಲ. ಹೆತ್ತ ಮಗಳು ವೇಷ ಕಟ್ಟಿಕೊಂಡು ಅಪ್ಪನಿಗೆ ಊಟ ಕೊಡಬೇಕೇ ಎಂದು ನೀವು ಕೇಳುತ್ತೀರಿ. ಕೇಳಿ. ಆದರೆ ಹಾಕಿಕೊಳ್ಳಿ. ಮತ್ತೆ ಅವರು ತೂಕ ಇಳಿದರೆ ಮೇಲೇಳುವುದು ಕಷ್ಟ. ಇದನ್ನು ಸೊಸೆಯಾಗಿ ಅಲ್ಲ, ನರ್ಸಾಗಿ ಹೇಳುತ್ತಿದ್ದೇನೆ.

ಈ ತಿಂಗಳ ಕೊನೆಯ ಶನಿವಾರ ನಿಮ್ಮ ತಮ್ಮ ಮಾವನನ್ನು ಕರೆದುಕೊಂಡು ಬರುತ್ತಾರೆ. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಎಷ್ಟು ಆಪರೇಷನ್ ನೋಡಿದ್ದರೂ ನನ್ನದು ಎಂದಾಗ ಹೆದರಿಕೆಯಾಗುತ್ತಿದೆ. ನಿಮ್ಮ ಆಶೀರ್ವಾದ ನನ್ನ ತಲೆಯ ಮೇಲಿರಲಿ.

ನಿಮ್ಮ ತಮ್ಮನ ಹೆಂಡತಿ,
ಮಾವನ ಸಿಸ್ಟರ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ರೋಗಿ ನಂಬಿ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಈ ಸಲ ಮುರಿಯುತ್ತಿದ್ದೇನೆ.

ಹೋದ ಮಂಗಳವಾರ ಊಟ ಮಾಡುತ್ತ ಮಾವ ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಸಿಸ್ಟರ್, ಇದು ಆಸ್ಪತ್ರೆ ಊಟ ತಾನೇ? ಯಾರ ಪಾಲಿಂದೂ ಅಲ್ವಲ್ಲ?" ಅಲ್ಲ ಎಂದೆ. "ಹಾಗಾದ್ರೆ ಸರಿ. ಮನೇಲಿ ಇರೋದು ಎರಡೇ ಚಾಪ್ಸು. ಮಕ್ಕಳೂ ಎರಡು. ನಾನು ಕೂತ್ರೆ ನನ್ನ ಮಗಳು ತಂದು ಕೊಟ್ಬಿಡ್ತಾಳೆ. ಅದಕ್ಕೆ ನಂದು ಕ್ಯಾಂಟೀನಲ್ಲಾಯ್ತು ಅಂತೀನಿ." ಆಮೇಲೆ ನಕ್ಕರು. "ಯಾವ ಕ್ಯಾಂಟೀನು ಸಿಸ್ಟರ್? ಕಾರ್ಖಾನೆ ಗೇಟಿಗೇ ಬೀಗ ಹಾಕಿದಾರೆ. ಮಕ್ಕಳಿಗೆ ಗೊತ್ತಾಗ್ಬಾರ್ದು ಅಂತ ದಿನಾ ಡಬ್ಬಿ ಹಿಡ್ಕೊಂಡು ಹೊರಟುಬಿಡ್ತೀನಿ. ಚಿಕ್ಕವಳು, ಆದ್ರೂ ಏನು ಚೆನ್ನಾಗಿ ಹುರೀತಾಳೆ ಗೊತ್ತಾ! ಬಾಗಿಲ ಹತ್ರ ನಿಂತ್ಕೊಂಡು ವಾಸನೆ ಕುಡೀತೀನಿ. ಅವಳಿಗೆ ಹೇಳ್ಬೇಡಿ."

ನನಗೆ ತಡೆಯಲಾಗಲಿಲ್ಲ. "ಮಾವ, ನಾನು ನಿಮ್ಮ ಸೊಸೆ" ಎಂದುಬಿಟ್ಟೆ. ತಕ್ಷಣ ಟ್ರೇಯನ್ನು ನನ್ನ ಕಡೆ ತಳ್ಳಿದರು. "ನೀನು ತಿನ್ನಮ್ಮ, ನಂದಾಯ್ತು." ಅವತ್ತು ಮತ್ತೆ ಮುಟ್ಟಲಿಲ್ಲ. ನೀವು ಈ ತಪ್ಪು ಮಾಡಬೇಡಿ ಅತ್ತಿಗೆ. ಎಷ್ಟೇ ಕರುಳು ಹಿಂಡಿದರೂ ಟ್ರೇ ಖಾಲಿಯಾಗುವವರೆಗೆ ಮಗಳು ಎನ್ನಬೇಡಿ.

ಇನ್ನು ಆ ಅಂಚಿನ ತುಂಡು. ಹಲ್ಲಿನ ತೊಂದರೆಯಲ್ಲ. ಮರುದಿನ ಅದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ನನ್ನ ಮಗಳು ನೋಡೋಕೆ ಬಂದ್ರೆ ಕೊಡಿ, ಅವಳಿಗಿದು ಪ್ರಾಣ" ಎಂದರು. ಇಷ್ಟು ದಿನ ಅದನ್ನು ನಾನು ಬೆಕ್ಕಿಗೆ ಹಾಕುತ್ತಿದ್ದೆ. ಅಲ್ಲಿ ಅವರು ಕೊಟ್ಟಾಗ ಅಡುಗೆಮನೆಗೆ ಹೋಗಿ, ಬಿಸಿ ಇರುವಾಗಲೇ ತಿಂದುಬಿಡಿ.